‘ಡಬ್ಬಿ ಹಳೇದು’ ಎಂದ ಸ್ಟೂಲಕ್ಕ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಐದು ಮಹಡಿ ಕಟ್ಟಡದ ತಾರಸಿಯಲ್ಲಿ, ನೀರಿನ ಟ್ಯಾಂಕಿಗೂ ಮೋಟುಗೋಡೆಗೂ ನಡುವಿನ ಸಂದಿಯಲ್ಲಿ ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಬಾಯಲ್ಲಿ ಪುಟ್ಟ ಟಾರ್ಚು, ಬೆರಳ ತುದಿಯಲ್ಲಿ ಕೂದಲೆಳೆಯಂಥ ಗಾಜಿನ ತಂತಿ. ಬೀದಿಯ ಕಂಬದಿಂದ ಬರುವ ಬ್ರಾಡ್‌ಬ್ಯಾಂಡ್ ಲೈನು ಕಟ್ಟಡದೊಳಗೆ ಇಳಿಯುವುದು ಇಲ್ಲಿಂದಲೇ. ತಂತಿಯ ತುದಿ ಒರೆಸಿ, ಅದರ ಗೂಡಿನಲ್ಲಿ ಕೂರಿಸಿ, ಅಳತೆಯ ಯಂತ್ರ ನೋಡಿ ತಲೆಯಾಡಿಸುತ್ತಾರೆ. ಲೈನು ಚೆನ್ನಾಗಿದೆ. ಸಾಮಾನ್ಯವಾಗಿ ಲೈನು ಚೆನ್ನಾಗಿಯೇ ಇರುತ್ತದೆ, ತಂಟೆಯೆಲ್ಲ ಅದರ ಮುಂದಿನದು.

ಇಷ್ಟು ಬೇಗ ಯಾಕೆ ಬರುತ್ತೀರಿ ಎಂದರೆ ಟಾರ್ಚನ್ನು ಬಾಯಿಂದ ತೆಗೆದು ನಗುತ್ತಾರೆ. ‘ಜನ ಎದ್ದ ಮೇಲೆ ಲೈನ್ ತೆಗೆದ್ರೆ ಒಂದೊಂದು ಕಿಟಕಿಯಿಂದಲೂ ಒಂದೊಂದು ಬೈಗುಳ ಬರುತ್ತೆ. ಮಲಗಿದ್ದಾಗ ತೆಗೆದು ಮಲಗಿದ್ದಾಗ್ಲೇ ಹಾಕ್ಬಿಟ್ರೆ, ನಾನು ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ.’

ಅಷ್ಟರಲ್ಲಿ ಜೇಬಿನ ಫೋನು ಗುರ್ ಎನ್ನುತ್ತದೆ. ಕಂಪನಿಯ ಸೂಪರ್‌ವೈಸರ್ ನಿನ್ನೆ ಹೇಳಿದ್ದನ್ನೇ ನೆನಪಿಸಿ ಕಳಿಸಿದ ಸಂದೇಶ. ಈಚೆಗೆ ದೂರು ಸರಿಪಡಿಸಿ ಬಂದಿದ್ದ ಟೀಚರ್ ಒಬ್ಬರ ಮನೆಗೆ ಸಂಜೆಯೊಳಗೆ ಹೋಗಿ, ಕಂಪನಿ ಕೊಟ್ಟಿದ್ದ ರೂಟರ್ ಬಗ್ಗೆ ‘ಡಬ್ಬಿ ಹಳೆಯದು ಎಂದು ನಾನು ಹೇಳಿದ್ದು ತಪ್ಪು’ ಎಂದು ಹೇಳಿ ಬರಬೇಕು. ಹೇಳದಿದ್ದರೆ ನಾಳೆಯಿಂದ ಲಾಗಿನ್ ಇರುವುದಿಲ್ಲ. ಈ ಕೆಲಸದಲ್ಲಿ ಲಾಗಿನ್ ಇಲ್ಲವೆಂದರೆ ಕೆಲಸವೇ ಇಲ್ಲ. ಯಾವ ಮನೆಗೆ ಹೋಗಬೇಕು, ಯಾರ ದೂರು ಎಂಬುದೆಲ್ಲ ಬರುವುದು ಆ ಫೋನಿನೊಳಗಿನ ಆ್ಯಪ್‌ನಿಂದ. ಅದರ ಬಾಗಿಲು ಮುಚ್ಚಿದರೆ ಉಪಕರಣಗಳ ಹಸಿರು ಚೀಲ ಹೆಗಲಿಗೇರಿಸಿ ಬೀದಿಯಲ್ಲಿ ಸುಮ್ಮನೆ ನಿಲ್ಲಬೇಕು. ಸಂದೇಶ ಓದಿ ಫೋನನ್ನು ಜೇಬಿಗೆ ತುರುಕಿ ಅವರು ಮೆಟ್ಟಿಲಿಳಿಯುತ್ತಾರೆ.

ಮೂರನೇ ಮಹಡಿಯ ತಾತ ಆಗಲೇ ಎದ್ದು ಬಾಗಿಲು ತೆರೆದು ಕಾಯುತ್ತಿದ್ದಾರೆ. ಅವರ ದೂರು ನೆಟ್ ಬರುವುದಿಲ್ಲ ಎಂದು. ರೂಟರ್ ಎಲ್ಲಿದೆ ಎಂದರೆ ಸೊಂಟದಿಂದ ಬೀಗದ ಕೈ ತೆಗೆಯುತ್ತಾರೆ. ಕಬ್ಬಿಣದ ಬೀರುವಿನೊಳಗೆ, ಮಡಿಸಿಟ್ಟ ಕಂಬಳಿಗಳ ನಡುವೆ, ಮೇಲೊಂದು ಶಾಲು ಹೊದ್ದು ರೂಟರ್ ಬೆಚ್ಚಗೆ ಮಲಗಿದೆ.

‘ದುಡ್ಡು ಕೊಟ್ಟು ತಗೊಂಡಿದ್ದಮ್ಮ. ಹೊರಗಿಟ್ರೆ ಧೂಳು ಕೂರಲ್ವಾ?’

‘ತಾತ, ನಿಮ್ಮನ್ನೇ ಈ ಬೀರುವಿನಲ್ಲಿ ಕೂರಿಸಿ, ಶಾಲು ಹೊದಿಸಿ, ಬೀಗ ಹಾಕಿ, ಅಡುಗೆಮನೇಲಿರೋ ಅಜ್ಜೀನ ಮಾತಾಡಿಸಿ ಅಂದ್ರೆ ಆಗುತ್ತಾ?’

‘ಹೊರಗೆ ಕೂತು ಮಾತಾಡಿಸಿದ್ರೂ ಅವಳಿಗೆ ಕೇಳಲ್ಲ ಬಿಡು,’ ಎನ್ನುತ್ತಾರೆ ತಾತ. ಒಳಗಿನಿಂದ ‘ಎಲ್ಲ ಕೇಳುತ್ತೆ!’ ಎಂಬ ಉತ್ತರ ಬರುತ್ತದೆ.

‘ಒಂದು ಸ್ಟೂಲ್ ಕೊಡಿ.’ ಯಾವ ಮನೆಗೆ ಹೋದರೂ ಇವರು ಮೊದಲು ಕೇಳುವುದು ಇದನ್ನೇ. ಹತ್ತಿ ಏನೋ ಬಿಚ್ಚುತ್ತಾರೆ ಎಂದು ಮನೆಯವರು ಹಿಂದೆ ಸರಿದು ನಿಲ್ಲುತ್ತಾರೆ. ಇವರು ಹತ್ತುವುದಿಲ್ಲ. ಸ್ಟೂಲನ್ನು ಮನೆಯ ನಟ್ಟನಡುವೆ ಇಟ್ಟು ಅದರ ಮೇಲೆ ರೂಟರ್ ಕೂರಿಸುತ್ತಾರೆ. ಆಮೇಲೆ ಫೋನು ಹಿಡಿದು ಕೋಣೆ ಕೋಣೆ ಸುತ್ತಿ ಬಂದು, ಸ್ಟೂಲನ್ನು ಒಂದು ಮಾರು ಆಚೆ ಸರಿಸಿ, ಮತ್ತೆ ಸುತ್ತುತ್ತಾರೆ. ಮಗುವಿಗೆ ತೊಟ್ಟಿಲು ಕಟ್ಟಲು ಜಾಗ ಹುಡುಕುವವರಂತೆ ಗಾಳಿ, ಗೋಡೆ, ಬಾಗಿಲು ಎಲ್ಲ ನೋಡುತ್ತಾರೆ. ಸುತ್ತಮುತ್ತಲ ಬೀದಿಗಳಲ್ಲಿ ಇವರು ‘ಸ್ಟೂಲಕ್ಕ’ ಆಗಿರುವುದು ಹೀಗೆ. ತಾತನ ಮನೆಯ ರೂಟರಿಗೆ ಯಾವ ರೋಗವೂ ಇರಲಿಲ್ಲ, ಉಸಿರುಗಟ್ಟಿತ್ತು ಅಷ್ಟೆ.

ಹೋಗುವಾಗ ತಾತ ಎಲ್ಲರೂ ಕೇಳುವ ಪ್ರಶ್ನೆ ಕೇಳುತ್ತಾರೆ. ಮಗಳ ಮನೆಗೊಂದು ಹೊಸ ರೂಟರ್ ಬೇಕಂತೆ, ಯಾವುದು ಕೊಳ್ಳಬೇಕು? ಅಂಗಡಿಯಲ್ಲಿ ಎಂಟು ಆಂಟೆನಾ ಇರುವುದನ್ನು ನೋಡಿ ಬಂದಿದ್ದಾರೆ.

‘ಕೊಂಬು ಎಣಿಸಿ ಎಮ್ಮೆ ಕೊಂಡ್ಕೋತೀರಾ ತಾತ? ಹಾಲೆಷ್ಟು ಕೊಡುತ್ತೆ ಅಂತ ಕೇಳಲ್ವಾ?’ ಎನ್ನುತ್ತಾ ಸ್ಟೂಲಕ್ಕ ರೂಟರನ್ನು ತಿರುಗಿಸಿ ಬೆನ್ನು ತೋರಿಸುತ್ತಾರೆ. ‘ಮೊದಲು ನೀವು ತಗೊಂಡಿರೋ ಪ್ಲ್ಯಾನ್ ಎಷ್ಟು ಸ್ಪೀಡಿಂದು ನೋಡಿ. ಆಮೇಲೆ ಈ ವೈರ್ ಚುಚ್ಚೋ ತೂತು ಅಷ್ಟನ್ನ ಹೊರುತ್ತಾ ಅಂತ ಅಂಗಡಿಯವರನ್ನ ಕೇಳಿ. ತೂತು ನೂರು ಹೊರೋದಾದ್ರೆ, ನೀವು ಮುನ್ನೂರರ ಪ್ಲ್ಯಾನ್ ತಗೊಂಡ್ರೂ ನೂರೇ. ಇನ್ನೊಂದು, ವೈಫೈಗೆ ಎರಡು ರಸ್ತೆ ಇರಬೇಕು, ಅಂಗಡೀಲಿ ಡ್ಯುಯಲ್ ಬ್ಯಾಂಡ್ ಅಂತಾರೆ. ಹಳೇ ರಸ್ತೆ ದೂರ ಹೋಗುತ್ತೆ, ಆದ್ರೆ ಅಕ್ಕಪಕ್ಕದ ಮನೆಗಳವರೆಲ್ಲ ಅದ್ರಲ್ಲೇ ನುಗ್ಗಾಡ್ತಿರ್ತಾರೆ. ಹೊಸ ರಸ್ತೇಲಿ ವೇಗ ಇದೆ, ಆದ್ರೆ ಎರಡು ಗೋಡೆ ದಾಟೋಷ್ಟರಲ್ಲಿ ಸುಸ್ತು. ಎರಡೂ ಇರೋದನ್ನ ತಗೊಂಡು ಮನೆ ಮಧ್ಯ ಇಡಿ. ಮನೆ ದೊಡ್ಡದಿದ್ರೆ ಒಂದೇ ದೈತ್ಯನ್ನ ತರೋ ಬದಲು ಎರಡು ಚಿಕ್ಕದು ತನ್ನಿ.’

ಇಷ್ಟೇ. ಇಷ್ಟನ್ನು ಹೇಳಲು ಕಂಪನಿಗೆ ಬಾಯಿ ಬರುವುದಿಲ್ಲ. ಅದರ ಜಾಹೀರಾತು ಊರಗಲದ ಫಲಕದಲ್ಲಿ ವೇಗ ವೇಗ ಎಂದು ಕಿರುಚುತ್ತದೆ. ಆ ವೇಗ ಮನೆಯ ಬಾಗಿಲವರೆಗೆ ಬರುತ್ತದೆ ಎಂಬುದೂ ಸುಳ್ಳಲ್ಲ. ಬಾಗಿಲೊಳಗೆ ಅದನ್ನು ಹಂಚುವುದು ಕಂಪನಿಯೇ ‘ಉಚಿತ’ ಎಂದು ಕೊಡುವ ರೂಟರ್ ಡಬ್ಬಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಡಬ್ಬಿ ತಡೆಯುತ್ತದೆ, ಮನೆಯವರು ದೂರುತ್ತಾರೆ, ಆಗ ಕಂಪನಿ ಮಧುರವಾದ ದನಿಯಲ್ಲಿ ಹೇಳುತ್ತದೆ: ಇನ್ನೂ ದೊಡ್ಡ ಪ್ಲ್ಯಾನ್ ತೆಗೆದುಕೊಳ್ಳಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ಇದು, ಬರೆಯ ಖರ್ಚೂ ಎಮ್ಮೆಯದೇ.

ದೂರು ಮುಗಿಸುವಾಗ ಸ್ಟೂಲಕ್ಕ ಆ್ಯಪ್‌ನಲ್ಲಿ ಕಾರಣ ಒತ್ತಬೇಕು. ‘ಪ್ಲ್ಯಾನ್ ಸಾಲದು’ ಎಂದು ಒತ್ತಬಹುದು. ‘ಗ್ರಾಹಕರ ಗೋಡೆ ದಪ್ಪ’ ಎನ್ನಬಹುದು. ‘ಗ್ರಾಹಕರ ಫೋನು ಹಳೆಯದು’ ಎನ್ನಬಹುದು. ‘ನಮ್ಮ ಡಬ್ಬಿ ಹಳೆಯದು’ ಎಂದು ಒತ್ತಲು ಗುಂಡಿಯೇ ಇಲ್ಲ. ಜನರ ಗೋಡೆಗೆ, ಜನರ ಫೋನಿಗೆ, ಜನರ ಜೇಬಿಗೆ ಕಾಯಿಲೆ ಇರಬಹುದು. ಕಂಪನಿಯ ಡಬ್ಬಿ ಮಾತ್ರ ಚಿರಂಜೀವಿ.

ಈ ಡಬ್ಬಿಗಳ ಜಾತಕ ಸ್ಟೂಲಕ್ಕನಿಗೆ ಹೇಗೆ ಗೊತ್ತು? ಲೈನಿಗೆ ಬರುವ ಮುಂಚೆ ಅವರು ಇದ್ದದ್ದು ಕಂಪನಿಯ ಗೋದಾಮಿನಲ್ಲಿ. ಉದ್ದನೆಯ ಮೇಜು, ಅದರ ಎರಡೂ ಕಡೆ ಹೆಂಗಸರು. ಸಂಪರ್ಕ ಬಿಟ್ಟ ಮನೆಗಳಿಂದ ಮರಳಿ ಬಂದ ಡಬ್ಬಿಗಳ ಮೇಲಿನ ಎಣ್ಣೆ ಜಿಡ್ಡು, ಜಿರಳೆ ಹಿಕ್ಕೆ, ಮಕ್ಕಳು ಅಂಟಿಸಿದ ಚಿತ್ರಗಳನ್ನೆಲ್ಲ ಸ್ಪಿರಿಟ್ ಬಟ್ಟೆಯಿಂದ ಒರೆಸುವ ಕೆಲಸ. ಇವೆಲ್ಲ ಒಡೆದು ಗುಜರಿಗೆ ಹೋಗುತ್ತವೆ ಎಂದೇ ಮೇಸ್ತ್ರಿ ಹೇಳಿದ್ದರು.

‘ಗುಜರಿಗೆ ಹೋಗೋದನ್ನ ಯಾಕಪ್ಪ ಇಷ್ಟು ತಿಕ್ಕಿಸ್ತಾರೆ ಅಂತ ನಮಗೆ ಹೊಳೀಲೇ ಇಲ್ಲ ನೋಡಿ,’ ಎಂದು ಅವರು ತಮ್ಮ ಹಣೆಗೆ ತಾವೇ ತಟ್ಟಿಕೊಳ್ಳುತ್ತಾರೆ. ‘ಒಂದು ಡಬ್ಬಿ ನೆನಪಿದೆ. ಹಿಂದಿನ ಗುಂಡಿ ಪಕ್ಕ ಯಾರೋ ಕೆಂಪು ಉಗುರುಬಣ್ಣದ ಬೊಟ್ಟು ಇಟ್ಟಿದ್ರು. ಇದನ್ನ ಒತ್ತಬೇಡಿ ಅಂತ ಮನೆಯವರಿಗೆ ಗುರುತು ಇರಬೇಕು. ಬಟ್ಟೇಲಿ ಹೋಗ್ಲಿಲ್ಲ. ಉಗುರಿಂದ ಕೆರೆದೆ, ಅರ್ಧ ಚಂದ್ರನ ಹಾಗೆ ಒಂದು ಚೂರು ಉಳ್ಕೊಳ್ತು. ಪಕ್ಕದಲ್ಲಿ ನನ್ನ ಉಗುರಿನ ಗೀರು. ಮೇಸ್ತ್ರಿ, ಬಿಡಮ್ಮ ಅದು ಸಾಯೋ ಡಬ್ಬಿ ಅಂದ್ರು. ಬಿಟ್ಟೆ.’

ಆ ಮೇಜಿನಿಂದ ಎದ್ದು ಲೈನಿಗೆ ಬರಲು ಅವರು ಪಟ್ಟ ಪಾಡು ಸಣ್ಣದಲ್ಲ. ಹೆಂಗಸರು ಏಣಿ ಹತ್ತುತ್ತಾರೆಯೇ ಎಂದು ಕೇಳಿದವರ ಎದುರು ಏಣಿ ಹತ್ತಿ ತೋರಿಸಿದರು. ಇಳಿಯುತ್ತಾರೆಯೇ ಎಂದು ಯಾರೂ ಕೇಳಲಿಲ್ಲ ಎಂದು ಈಗ ನಗುತ್ತಾರೆ. ಗಾಜಿನ ತಂತಿಯ ಚೂರು ಬೆರಳಿಗೆ ಚುಚ್ಚಿ ಕೀವಾದದ್ದುಂಟು, ಮಧ್ಯಾಹ್ನದ ಬಿಸಿಲಿಗೆ ತಾರಸಿಯಲ್ಲಿ ಕಣ್ಣು ಕತ್ತಲೆ ಬಂದದ್ದುಂಟು. ದಿನಕ್ಕೆ ಎಂಟೊಂಬತ್ತು ಮನೆ, ಒಂದೊಂದು ಮನೆಗೂ ಒಂದೊಂದು ಕೋಪ. ಗಂಡ ಸರಕು ಗಾಡಿ ಓಡಿಸುತ್ತಾ ವಾರಗಟ್ಟಲೆ ಹೊರಗಿರುತ್ತಾರೆ. ಮನೆಯಲ್ಲಿ ಅತ್ತೆ, ಕಾಲೇಜಿಗೆ ಹೋಗುವ ಮಗಳು. ಮನೆ ನಡೆಯುವುದು ಈ ಹಸಿರು ಚೀಲದಿಂದಲೇ.

ಇನ್ನು ಟೀಚರ್ ವಿಷಯ. ಅವರು ಕಿವಿ ಕೇಳದ ಮಕ್ಕಳಿಗೆ ಮನೆಯಿಂದಲೇ ವಿಡಿಯೊ ಮೂಲಕ ಪಾಠ ಮಾಡುತ್ತಾರೆ. ಮಕ್ಕಳು ಬೇರೆ ಬೇರೆ ಊರುಗಳಲ್ಲಿ, ತಮ್ಮ ತಮ್ಮ ಮನೆಯಲ್ಲಿ. ಪಾಠವೆಲ್ಲ ಕೈಮಾತಿನಲ್ಲಿ. ನಾವಾದರೆ ಚಿತ್ರ ನಿಂತರೂ ದನಿ ಕೇಳಿ ಅರ್ಥ ಮಾಡಿಕೊಳ್ಳುತ್ತೇವೆ. ಆ ಮಕ್ಕಳಿಗೆ ಚಿತ್ರವೇ ಮಾತು. ಚಿತ್ರ ನಿಂತರೆ ಮಾತು ಗಂಟಲಲ್ಲೇ ಸಿಕ್ಕಿಕೊಂಡ ಹಾಗೆ.

‘ನನ್ನ ಕೈ ಬಾಯಿ ಹತ್ತಿರ ಹೋಗಿ ಅಲ್ಲೇ ನಿಂತುಬಿಡೋದು,’ ಎನ್ನುತ್ತಾರೆ ಟೀಚರ್. ‘ನಾನು ಆಕಳಿಸ್ತಿದೀನಿ ಅಂದ್ಕೊಂಡು ಮಕ್ಕಳೂ ಆಕಳಿಸೋರು. ಮೊದಮೊದಲು ನಗು ಬಂತು. ಆಮೇಲೆ ಒಬ್ಬಳು ಪುಟ್ಟಿ, ತಾನು ಹೇಳೋದು ನನಗೆ ಅರ್ಥ ಆಗ್ತಿಲ್ಲ, ತನ್ನದೇ ತಪ್ಪು ಅಂದ್ಕೊಂಡ್ಲು. ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂತ್ಬಿಟ್ಲು. ಕರೆದ್ರೂ ತೆಗೀಲಿಲ್ಲ. ಅವಳು ಬಾಯಿ ಮುಚ್ಕೊಂಡ ಹಾಗಲ್ವಾ ಅದು?’

ಟೀಚರ್ ಕಂಪನಿಗೆ ಫೋನು ಮಾಡಿದರು, ದೊಡ್ಡ ಪ್ಲ್ಯಾನ್ ಕೊಟ್ಟರು. ಮತ್ತೆ ಮಾಡಿದರು, ಇನ್ನೂ ದೊಡ್ಡದು ಕೊಟ್ಟು ‘ಹೊಸ’ ರೂಟರನ್ನೂ ಕಳಿಸಿದರು. ಪುಟ್ಟಿಯ ಕೈಗಳು ತೊಡೆಯ ಕೆಳಗೇ ಇದ್ದವು. ಬಂದುಹೋದ ಕೆಲಸದವರೆಲ್ಲ ಗೋಡೆಯನ್ನು ದೂರಿದರು. ಕೊನೆಗೆ, ಪಾಠದ ಹೊತ್ತಿಗೇ, ಮಕ್ಕಳು ಪರದೆಯಿಂದ ನೋಡುತ್ತಿರುವಾಗ ಬಂದವರು ಸ್ಟೂಲಕ್ಕ. ಸ್ಟೂಲು ಕೇಳಿ, ರೂಟರ್ ಕೂರಿಸಿ, ವೈರು ಚುಚ್ಚಲು ಹಿಂದಕ್ಕೆ ತಿರುಗಿಸಿದಾಗ ಕಂಡದ್ದು ಕೆಂಪು ಅರ್ಧಚಂದ್ರ. ಪಕ್ಕದಲ್ಲಿ ಅವರದೇ ಉಗುರಿನ ಗೀರು.

‘ಮೈಯೆಲ್ಲ ಉರಿದುಹೋಯ್ತು. ಸಾಯೋ ಡಬ್ಬಿ ಅಂದಿದ್ರಲ್ಲ! ಅದಕ್ಕೆ ಹೊಸ ಬಟ್ಟೆ ಹಾಕಿ ಟೀಚರ್ ಮನೆಗೆ ಮದುವೆ ಮಾಡಿ ಕಳ್ಸಿದಾರೆ. ತಿಕ್ಕಿ ಸಿಂಗಾರ ಮಾಡಿದ್ದು ನಾನೇ.’

ಅವರು ವೈರನ್ನು ಡಬ್ಬಿಯಿಂದ ಕಿತ್ತು ನೇರ ಕಂಪ್ಯೂಟರಿಗೆ ಚುಚ್ಚಿದರು. ಟೀಚರ್ ಕೈ ಆಡಿಸಿದರೆ ಚಿತ್ರದ ಕೈಯೂ ನೀರಿನಂತೆ ಆಡಿತು. ಮತ್ತೆ ಡಬ್ಬಿಗೆ ಚುಚ್ಚಿ ಅದರ ವೈಫೈಯಲ್ಲಿ ನೋಡಿದರು, ಕೈ ನಿಂತಿತು. ‘ಟೀಚರ್, ನಿಮ್ಮ ಗೋಡೆ ಸರಿ ಇದೆ, ಪ್ಲ್ಯಾನ್ ಬೇಕಾದ್ದಕ್ಕಿಂತ ಜಾಸ್ತಿನೇ ಇದೆ. ಡಬ್ಬಿ ಹಳೇದು. ಇದಕ್ಕೆ ಒಂದೇ ರಸ್ತೆ ಗೊತ್ತು, ಅದೂ ಜಾಮ್ ಆಗಿರೋದು. ಅಂಗಡಿಯಿಂದ ಒಂದು ಒಳ್ಳೇದು ತಗೊಳ್ಳಿ, ಪ್ಲ್ಯಾನ್ ಚಿಕ್ಕದು ಮಾಡಿಸಿ,’ ಎಂದರು. ಟೀಚರ್ ಹಾಗೇ ಮಾಡಿದರು. ಪಾಠ ಸರಾಗವಾಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಟೀಚರ್ ಒಳ್ಳೆಯವರು. ಒಳ್ಳೆಯದನ್ನು ಕಂಡರೆ ನಾಲ್ಕು ಜನರಿಗೆ ಹೇಳಬೇಕು ಎನ್ನುವವರು. ಕಂಪನಿಗೆ ಐದು ನಕ್ಷತ್ರ ಕೊಟ್ಟು ಹೊಗಳಿ ಬರೆದರು: ನಿಮ್ಮ ಕೆಲಸದವರು ನಿಜ ಹೇಳಿದರು, ನೀವು ಕಳಿಸಿದ ಹೊಸ ಡಬ್ಬಿ ಹಳೆಯದೆಂದು ತೋರಿಸಿಕೊಟ್ಟರು, ಇಂಥವರಿಗೆ ಬಡ್ತಿ ಕೊಡಿ. ಕಂಪನಿ ಆ ಹೊಗಳಿಕೆಯನ್ನೇ ದೂರಾಗಿ ದಾಖಲಿಸಿಕೊಂಡಿತು. ‘ಸಂಸ್ಥೆಯ ಹೆಸರಿಗೆ ಮಸಿ’ ಎಂಬುದು ಆರೋಪ. ಬೈದವರಿಂದ ಬಾರದ ಆಪತ್ತು ಹೊಗಳಿದವರಿಂದ ಬಂತು.

ಹಳೆಯ ಡಬ್ಬಿಯನ್ನು ಹೊಸದೆಂದು ಕಳಿಸಿದವರು ತಂಪು ಕೋಣೆಯಲ್ಲಿ ಕೂತಿದ್ದಾರೆ. ಅವರಿಗೆ ನಕ್ಷತ್ರವೂ ಇಲ್ಲ, ನೋಟಿಸೂ ಇಲ್ಲ. ಮೊಸರು ತಿಂದ ಕೋತಿ ಮೇಕೆಯ ಮೂತಿಗೆ ಒರೆಸಿದ ಹಾಗೆ ತಪ್ಪೆಲ್ಲ ಈ ಹೆಂಗಸಿನ ಮೂತಿಗೆ. ಸುಳ್ಳು ಮಾರಿದವರು ಯಾರೂ ಕ್ಷಮೆ ಕೇಳಬೇಕಿಲ್ಲ, ನಿಜ ಹೇಳಿದವರು ಮನೆ ಬಾಗಿಲಿಗೆ ಹೋಗಿ ಕೇಳಬೇಕು. ಇದಕ್ಕೆ ಸಿಟ್ಟು ಬರದಿದ್ದರೆ ಇನ್ನು ಯಾವುದಕ್ಕೆ ಬರಬೇಕು?

ಮಧ್ಯಾಹ್ನ ಒಂದು ಕಟ್ಟಡದ ಮೆಟ್ಟಿಲ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿ ಉಣ್ಣುವಾಗ ಸೂಪರ್‌ವೈಸರ್ ಫೋನು ಬರುತ್ತದೆ. ಕೈ ಎಂಜಲಾದ್ದರಿಂದ ಸ್ಪೀಕರಿಗೆ ಹಾಕುತ್ತಾರೆ.

‘ಒಂದೇ ಮಾತು ಅಕ್ಕ. ತಪ್ಪಾಗಿ ಹೇಳ್ಬಿಟ್ಟೆ ಅನ್ನಿ, ಮುಗೀತು. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.’

‘ಅದಿರ್ಲಿ ಸರ್. ಡಬ್ಬಿ ಹಳೇದೋ ಹೊಸದೋ?’

‘ಅದು ನನ್ನ ಕೆಳಗೆ ಬರಲ್ಲ.’

‘ಅದರ ಮೇಲೆ ನನ್ನ ಉಗುರಿನ ಗೀರಿದೆ.’

ಆ ಕಡೆಯ ದನಿ ತಗ್ಗುತ್ತದೆ. ‘ಗೀರಿನ ಮಾತು ಎಲ್ಲೂ ಎತ್ತಬೇಡಿ ಅಕ್ಕ. ನನಗೂ ಮೇಲಿನವರಿದಾರೆ, ಮನೇಲಿ ಮಕ್ಕಳಿದಾರೆ. ಹೇಳಿ ಬಂದ್ಬಿಡಿ.’

ಮನೆಯಲ್ಲೂ ನಿನ್ನೆಯಿಂದ ಇದೇ ಚರ್ಚೆ. ಅತ್ತೆಯದು ನೇರ ಲೆಕ್ಕ. ‘ಒಂದು ಸುಳ್ಳು ಹೇಳಿದ್ರೆ ನಾಲಿಗೆ ಸವೆಯುತ್ತಾ? ನಿನ್ನ ಅಡುಗೆ ಚೆನ್ನಾಗಿದೆ ಅಂತ ಇಷ್ಟು ವರ್ಷ ನಾನು ಹೇಳಿಲ್ವಾ?’ ಅದನ್ನು ಹೇಳಿ ಸ್ಟೂಲಕ್ಕ ಮೆಟ್ಟಿಲ ಮೇಲೆ ಬಿದ್ದು ಬಿದ್ದು ನಗುತ್ತಾರೆ. ನಗು ನಿಂತ ಮೇಲೆ ಊಟ ಮುಂದುವರಿಯುವುದಿಲ್ಲ, ಮುಚ್ಚಳ ಹಾಕಿ ಚೀಲಕ್ಕೆ ಸೇರಿಸುತ್ತಾರೆ.

‘ಅತ್ತೆ ಹೇಳೋ ಸುಳ್ಳು ಬೇರೆ. ಅದನ್ನ ಕೇಳಿ ನಾನು ಹೊಟ್ಟೆ ತುಂಬಾ ಊಟ ಮಾಡ್ತೀನಿ. ಈ ಸುಳ್ಳು ಹೇಳಿದ್ರೆ ಟೀಚರ್ ತಿರುಗಾ ಆ ಡಬ್ಬಿ ಚುಚ್ಚಿದ್ರೆ? ಆ ಮಗು ತಿರುಗಾ ಕೈ ಬಚ್ಚಿಟ್ರೆ? ಆಗ ನಾನು ಯಾವ ಸ್ಟೂಲ್ ಮೇಲೆ ಏನಿಟ್ಟು ಸರಿಮಾಡ್ಲಿ?’

ಸಂಜೆ ಟೀಚರ್ ಮನೆ. ಪಾಠ ನಡೆಯುತ್ತಿದೆ. ಕೋಣೆಯ ಮಧ್ಯೆ ಅದೇ ಸ್ಟೂಲು, ಅದರ ಮೇಲೆ ಹೊಸ ರೂಟರ್. ಪರದೆಯ ಪುಟ್ಟ ಪುಟ್ಟ ಚೌಕಗಳಲ್ಲಿ ಮಕ್ಕಳ ಕೈಗಳು ಹಾರಾಡುತ್ತಿವೆ. ಸ್ಟೂಲಕ್ಕ ಚಪ್ಪಲಿ ಬಿಟ್ಟು ಬಾಗಿಲ ಪಕ್ಕ ನಿಲ್ಲುತ್ತಾರೆ. ಟೀಚರ್ ಮಕ್ಕಳಿಗೆ ಒಂದು ನಿಮಿಷ ಎಂದು ಬೆರಳು ತೋರಿಸಿ ಎದ್ದು ಬರುತ್ತಾರೆ.

‘ಟೀಚರ್, ಕಂಪನಿಯವರು ಒಂದು ಮಾತು ಹೇಳಿ ಬಾ ಅಂತ ಕಳ್ಸಿದಾರೆ. ಹೇಳ್ತೀನಿ, ಕೇಳಿಸ್ಕೊಳ್ಳಿ. “ಡಬ್ಬಿ ಹಳೆಯದು ಎಂದು ನಾನು ಹೇಳಿದ್ದು ತಪ್ಪು.” ಇದು ಅವರು ಹೇಳ್ಕೊಟ್ಟಿದ್ದು, ಒಂದಕ್ಷರ ಬಿಟ್ಟಿಲ್ಲ. ಇನ್ನು ನನ್ನ ಮಾತು. ಡಬ್ಬಿ ಹಳೇದೇ. ಅದನ್ನ ಯಾವತ್ತೂ ತಿರುಗಾ ಚುಚ್ಚಬೇಡಿ.’

ಟೀಚರ್ ಮುಖ ಕೆಂಪಾಗುತ್ತದೆ. ‘ನಾನು ಈಗ್ಲೇ ಬರೀತೀನಿ. ನಿಮ್ಮಂಥೋರು ಸಿಕ್ಕೋದು ಅವರ ಪುಣ್ಯ ಅಂತ ಬರೀತೀನಿ!’

ಸ್ಟೂಲಕ್ಕ ಎರಡೂ ಕೈ ಜೋಡಿಸುತ್ತಾರೆ. ‘ಅಮ್ಮಾ ತಾಯಿ, ಇನ್ನೊಂದು ಸಲ ಮಾತ್ರ ಹೊಗಳಬೇಡಿ!’

ಇಬ್ಬರೂ ನಗುತ್ತಿರುವಾಗ ಪರದೆಯಲ್ಲಿ ಒಂದು ಚೌಕ ಜೋರಾಗಿ ಅಲ್ಲಾಡುತ್ತದೆ. ಪುಟ್ಟಿ. ಬಾಗಿಲ ಪಕ್ಕದ ಹಸಿರು ಚೀಲ ಅವಳಿಗೆ ಕಂಡಿದೆ. ಎಡಗೈಯನ್ನು ಅಂಗೈ ಮೇಲಾಗಿ ಚಪ್ಪಟೆಯಾಗಿ ಹಿಡಿದು, ಬಲಗೈ ಮುಷ್ಟಿಯನ್ನು ಅದರ ಮೇಲೆ ಮೆಲ್ಲಗೆ ಕೂರಿಸುತ್ತಾಳೆ. ಮತ್ತೆ ಮತ್ತೆ. ಬೇರೆ ಚೌಕಗಳ ಮಕ್ಕಳೂ ಹಾಗೇ ಮಾಡುತ್ತಾರೆ.

‘ಏನಂತೆ?’

‘ನಿಮ್ಮ ಹೆಸರು,’ ಎನ್ನುತ್ತಾರೆ ಟೀಚರ್. ‘ನಮ್ಮ ಕೈಮಾತಲ್ಲಿ ಬೇಕಾದವರಿಗೆಲ್ಲ ಒಂದೊಂದು ಹೆಸರಿಡ್ತೀವಿ. ಸ್ಟೂಲ್ ಮೇಲೆ ಡಬ್ಬಿ ಇಡೋ ಅಕ್ಕ ಅಂತ ಅವಳೇ ಇಟ್ಟಿದ್ದು. ಕೈ ಹೊರಗೆ ತೆಗೆದ ಮೇಲೆ ಅವಳು ಆಡಿದ ಮೊದಲ ಮಾತು ಇದೇ.’

ಮೆಟ್ಟಿಲಿಳಿಯುವಾಗ ಸೂಪರ್‌ವೈಸರ್ ಫೋನು ಬರುತ್ತದೆ. ಹೇಳಿದಿರಾ ಎಂದರೆ, ‘ಹೇಳ್ದೆ ಸರ್. ನಿಮ್ಮದೂ ಹೇಳ್ದೆ, ನನ್ನದೂ ಹೇಳ್ದೆ,’ ಎನ್ನುತ್ತಾರೆ. ಫೋನು ಕಟ್ಟಾಗುತ್ತದೆ. ಕೆಳಗಿನ ಬಾಗಿಲು ತಲುಪುವಷ್ಟರಲ್ಲಿ ಆ್ಯಪ್‌ನ ಪರದೆ ಬೂದು ಬಣ್ಣಕ್ಕೆ ತಿರುಗಿದೆ. ನಾಳಿನ ಮನೆಗಳ ಪಟ್ಟಿ ಇದ್ದ ಜಾಗದಲ್ಲಿ ಏನೂ ಇಲ್ಲ. ಗೋದಾಮಿನ ಮೇಜಿನಿಂದ ತಾರಸಿಯವರೆಗೆ ಏರಿದ ಅಷ್ಟೂ ಏಣಿಯನ್ನು ಯಾರೋ ಕೂತಲ್ಲೇ ಕೂತು ಒಂದು ಬೆರಳಲ್ಲಿ ಎಳೆದುಹಾಕಿದ್ದಾರೆ.

ಸ್ಟೂಲಕ್ಕ ಅದನ್ನು ಎರಡು ಸಲ ಒತ್ತಿ ನೋಡುತ್ತಾರೆ. ಕಣ್ಣು ತುಂಬುತ್ತದೆ, ತೋಳಿನಿಂದ ಒರೆಸಿಕೊಳ್ಳುತ್ತಾರೆ. ಮನೆಗೆ ಹೋಗಿ ಅತ್ತೆಗೆ ಏನು ಹೇಳುವುದೋ ಗೊತ್ತಿಲ್ಲ ಎನ್ನುತ್ತಾರೆ. ನಿಮಗೇನಾಗಬೇಕು ಎಂದು ಕೇಳಿದರೆ ಎದುರಿನ ಲಿಫ್ಟಿನ ಬಾಗಿಲ ಮೇಲಿನ ತಗಡು ತೋರಿಸುತ್ತಾರೆ. ಎಷ್ಟು ಜನರನ್ನು ಹೊರುತ್ತದೆ ಎಂದು ಅದರಲ್ಲಿ ಬರೆದಿದೆ.

‘ಡಬ್ಬಿ ಮೇಲೂ ಹೀಗೇ ದಪ್ಪ ಅಕ್ಷರದಲ್ಲಿ ಬರೀಲಿ. ಎಷ್ಟು ಹೊರುತ್ತೆ, ಎಷ್ಟು ಮನೆ ತಿರುಗಿ ಬಂದಿದೆ ಅಂತ. ಅಷ್ಟು ಸಾಕು.’

ಬೀದಿಗೆ ಬಂದು ಚೀಲವನ್ನು ಹೆಗಲಿಗೇರಿಸುತ್ತಾರೆ. ಮೂರನೇ ಮಹಡಿಯ ತಾತ ರೂಟರನ್ನು ಮತ್ತೆ ಬೀರುವಿನೊಳಗೆ ಮಲಗಿಸಿಲ್ಲವಷ್ಟೇ ಎಂದು ನೋಡಿಕೊಂಡೇ ಮನೆಗೆ ಹೋಗಬೇಕಂತೆ. ಲಾಗಿನ್ ಇಲ್ಲದೆಯೂ ಮಾಡಬಹುದಾದ ಕೆಲಸ. ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾರೆ. ಎಡ ಅಂಗೈ ಚಪ್ಪಟೆ ಮಾಡಿ, ಬಲ ಮುಷ್ಟಿಯನ್ನು ಅದರ ಮೇಲೆ ಕೂರಿಸಿ, ಸರಿಯಾಗಿ ಬಂತೇ ಎಂದು ನೋಡಿಕೊಳ್ಳುತ್ತಾರೆ.

‘ಲಾಗಿನ್ ಅವರದು, ಬಂದ್ ಮಾಡ್ಕೊಳ್ಲಿ. ಇದನ್ನ ಹೇಗೆ ಬಂದ್ ಮಾಡ್ತಾರೆ?’